ಮುಖಬೆಲೆ ಮತ್ತು ಅಂಕಿತ: ಮಧ್ಯಕಾಲೀನ ಕವಿಗಳ ಸ್ಮಾರಕ ಅಂಚೆಚೀಟಿಗಳನ್ನು ಓದುವ ಬಗೆ

೧

ಕನ್ನಡದ ಮಧ್ಯಕಾಲೀನ ಸಾಹಿತ್ಯವನ್ನು ಅಭ್ಯಾಸ ಮಾಡುವವರಿಗೆ ‘ಅಂಕಿತ’, ‘ಮುದ್ರಿಕೆ’ ಎಂಬ ಮಾತುಗಳು ಚಿರಪರಿಚಿತ. ವಚನದ ಕೊನೆಯಲ್ಲಿ, ಕೀರ್ತನೆಯ ಕಡೆಯ ನುಡಿಯಲ್ಲಿ ಬರುವ ಒಂದು ಹೆಸರು ಆ ರಚನೆ ಯಾರದೆಂಬುದನ್ನು ಸೂಚಿಸುತ್ತದೆ. ಸೋಜಿಗವೆಂದರೆ ಆ ಹೆಸರು ಬಹುಮಟ್ಟಿಗೆ ಕವಿಯದಲ್ಲ, ಕವಿಯ ಇಷ್ಟದೈವದ್ದು. ಬಸವಣ್ಣನವರ ವಚನದ ಕೊನೆಗೆ ನಿಲ್ಲುವವನು ಕೂಡಲಸಂಗಮದೇವ. ಅಕ್ಕಮಹಾದೇವಿಯ ವಚನದ ಕೊನೆಗೆ ಚೆನ್ನಮಲ್ಲಿಕಾರ್ಜುನ. ಕನಕದಾಸರ ಕೀರ್ತನೆಯ ಕೊನೆಗೆ ಕಾಗಿನೆಲೆಯ ಆದಿಕೇಶವ. ತನ್ನನ್ನು ಮರೆಸಿಕೊಂಡೇ ತನ್ನ ಗುರುತನ್ನು ಹೇಳುವ ಕ್ರಮವಿದು. ಇದರ ಹಿಂದೆ ಕರ್ತೃತ್ವವನ್ನು ಕುರಿತ ಒಂದು ನಿಲುವೇ ಇದೆ.

ಅಂಚೆಚೀಟಿಯೂ ಒಂದು ಮುದ್ರೆಯೇ. ಪ್ರಭುತ್ವವು ತನ್ನ ಹೆಸರನ್ನೂ ಒಂದು ಬೆಲೆಯನ್ನೂ ನಮೂದಿಸಿ ಹೊರಡಿಸುವ ಅಂಗೈಯಷ್ಟೂ ಅಲ್ಲದ ಆ ಕಾಗದದ ಚೂರಿಗೆ, ಅಂಚೆಕಚೇರಿಯಲ್ಲಿ ಮತ್ತೊಂದು ಠಸ್ಸೆ ಬಿದ್ದಾಗ ಅದರ ಆಯುಸ್ಸು ಮುಗಿಯುತ್ತದೆ. ಈ ಮುದ್ರೆಯ ಮೇಲೆ ಮಧ್ಯಕಾಲದ ಕವಿಯೊಬ್ಬ ಕಾಣಿಸಿಕೊಂಡಾಗ ಎರಡು ಬಗೆಯ ಗುರುತುಗಳು ಎದುರುಬದುರಾಗುತ್ತವೆ. ಒಂದು, ಕವಿ ತಾನಾಗಿ ಇಟ್ಟುಕೊಂಡ ಅಂಕಿತ; ಇನ್ನೊಂದು, ರಾಷ್ಟ್ರವು ಅವನಿಗೆ ಕೊಟ್ಟ ಮುಖ. ಸ್ಮಾರಕ ಅಂಚೆಚೀಟಿಯಲ್ಲಿ ಉಳಿಯುವುದು ಹೆಚ್ಚಾಗಿ ಎರಡನೆಯದು. ಈ ವಿನಿಮಯದಲ್ಲಿ ನಾವು ಏನನ್ನು ಪಡೆದೆವು, ಏನನ್ನು ಕಳೆದುಕೊಂಡೆವು ಎಂಬುದನ್ನು ಕೆಲವು ನಿದರ್ಶನಗಳ ಮೂಲಕ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಇದು ಅಂಚೆಚೀಟಿಗಳ ಸಮಗ್ರ ಸಮೀಕ್ಷೆಯಲ್ಲ. ಸಂಗ್ರಾಹಕರ ದೃಷ್ಟಿಯ ಅಪರೂಪ, ಬೆಲೆ, ಮುದ್ರಣದೋಷ ಮೊದಲಾದ ಸಂಗತಿಗಳು ಇಲ್ಲಿ ಅಪ್ರಸ್ತುತ. ಅಂಚೆಚೀಟಿಯನ್ನು ಸಾಹಿತ್ಯಚರಿತ್ರೆಯ ಒಂದು ಪಠ್ಯವೆಂದು ಓದುವ ಪ್ರಯತ್ನವಷ್ಟೇ ಇದು.

ಈ ಪ್ರಯತ್ನಕ್ಕೆ ಕಾರಣವಾದ ಪ್ರಸಂಗವೊಂದನ್ನು ಮೊದಲೇ ಹೇಳುವುದು ಲೇಸು. ಕೆಲವು ವರ್ಷಗಳ ಹಿಂದೆ ಸಂಶೋಧನ ವಿದ್ಯಾರ್ಥಿನಿಯೊಬ್ಬರು ತಮ್ಮ ಅಧ್ಯಾಯದ ಕರಡನ್ನು ನನಗೆ ಒಪ್ಪಿಸಿದರು. ಹೊರನಾಡಿನಲ್ಲೇ ಹುಟ್ಟಿ ಬೆಳೆದವರು. ಮನೆಯಲ್ಲಿ ಕನ್ನಡ ಆಡುತ್ತ, ಶಾಲೆಯಲ್ಲಿ ಬೇರೆ ಭಾಷೆ ಕಲಿತವರು. ಕರಡಿನಲ್ಲಿ ಬಸವಣ್ಣನವರ ವ್ಯಕ್ತಿತ್ವವನ್ನು ವಿವರಿಸುವ ಕಡೆ, ಅವರ ಮುಖದಲ್ಲಿ ಕಾಣುವ ರಾಜಕೀಯ ಗಾಂಭೀರ್ಯವನ್ನು ಕುರಿತು ಒಂದು ಇಡೀ ವಾಕ್ಯವೃಂದವಿತ್ತು. ಆಧಾರವೇನೆಂದು ಕೇಳಿದೆ. ಮರುದಿನ ಅವರು ತಮ್ಮ ಅಜ್ಜನ ಅಂಚೆಚೀಟಿ ಸಂಗ್ರಹದ ಹಳೆಯ ಆಲ್ಬಂ ತಂದು, ೧೯೬೭ರ ಚೀಟಿಯನ್ನು ತೋರಿಸಿ, ‘ಸರ್, ಸರ್ಕಾರ ಅಚ್ಚು ಹಾಕಿದೆಯಲ್ಲ, ಇದಕ್ಕೆ ಮೂಲಚಿತ್ರ ಇದ್ದಿರಲೇಬೇಕಲ್ಲವೆ?’ ಎಂದರು. ಪ್ರಶ್ನೆ ಮುಗ್ಧವಾಗಿತ್ತು, ಆದರೆ ಅಸಂಬದ್ಧವಾಗಿರಲಿಲ್ಲ. ಸರ್ಕಾರದ ಮುದ್ರೆಯೇ ಪ್ರಮಾಣವಾಗುವ ಲೋಕದಲ್ಲಿ ಅವರು ತರ್ಕಬದ್ಧವಾಗಿಯೇ ಯೋಚಿಸಿದ್ದರು. ಅವರನ್ನು ತಿದ್ದುವ ಮೊದಲು ನನ್ನನ್ನೇ ನೆನೆದುಕೊಳ್ಳಬೇಕಾಯಿತು. ನನ್ನ ಪಿಎಚ್.ಡಿ. ಪ್ರಬಂಧದ ಕರಡಿನಲ್ಲಿ ಬಸವಣ್ಣನವರು ಐಕ್ಯರಾದ ವರ್ಷವನ್ನು ೧೧೬೭ ಎಂದು ನಿಸ್ಸಂದಿಗ್ಧವಾಗಿ ಬರೆದಿದ್ದೆ. ನನ್ನ ಮಾರ್ಗದರ್ಶಕರು ಪಕ್ಕದಲ್ಲಿ ಕೆಂಪು ಶಾಯಿಯ ಪ್ರಶ್ನಾರ್ಥಕ ಚಿಹ್ನೆಯೊಂದನ್ನು ಹಾಕಿ, ಏನೂ ಮಾತನಾಡದೆ ಹಿಂದಿರುಗಿಸಿದ್ದರು.

೨

ಸ್ವತಂತ್ರ ಭಾರತದ ಮೊದಲ ಅಂಚೆಚೀಟಿ ೧೯೪೭ರ ನವೆಂಬರ್ ೨೧ರಂದು ರಾಷ್ಟ್ರಧ್ವಜವನ್ನು ಹೊತ್ತು ಬಂದಿತು. ಮರುವರ್ಷ ಆಗಸ್ಟ್ ೧೫ರಂದು ಗಾಂಧೀಜಿಯವರ ಭಾವಚಿತ್ರವಿರುವ ಚೀಟಿಗಳು ಪ್ರಕಟವಾದುವು. ಅವುಗಳಲ್ಲಿ ‘ಬಾಪು’ ಎಂಬ ಮಾತು ದೇವನಾಗರಿ ಮತ್ತು ಉರ್ದು ಲಿಪಿಗಳೆರಡರಲ್ಲೂ ಇತ್ತು. ಕವಿಗಳ ಸರದಿ ಬಂದದ್ದು ೧೯೫೨ರ ಅಕ್ಟೋಬರ್ ೧ರಂದು. ‘ಸಂತರು ಮತ್ತು ಕವಿಗಳು’ ಎಂದು ಹೆಸರಾದ ಆ ಮಾಲೆಯಲ್ಲಿ ಆರು ಚೀಟಿಗಳಿದ್ದುವು: ಕಬೀರ, ತುಲಸೀದಾಸ, ಮೀರಾ, ಸೂರದಾಸ, ಗಾಲಿಬ್ ಮತ್ತು ರವೀಂದ್ರನಾಥ ಠಾಕೂರ್. ಒಂಬತ್ತು ಪೈಯ ಕಬೀರನಿಂದ ಮೊದಲಾಗಿ ಹನ್ನೆರಡು ಆಣೆಯ ಠಾಕೂರರವರೆಗೆ ಅವುಗಳ ಮುಖಬೆಲೆ ಏರುತ್ತ ಹೋಗುತ್ತದೆ. ಈ ಏರಿಕೆಯಲ್ಲಿ ತಾರತಮ್ಯವನ್ನು ಹುಡುಕುವುದು ಸರಿಯಲ್ಲ. ಅಂಚೆದರದ ಪಟ್ಟಿಗೆ ಸಾಹಿತ್ಯವಿಮರ್ಶೆ ಗೊತ್ತಿರುವುದಿಲ್ಲ.

ಈ ಮಾಲೆಯಲ್ಲಿ ಗಮನಿಸಬೇಕಾದ ಅಂಶಗಳು ಮೂರು. ಮೊದಲನೆಯದು ಮುದ್ರಣಕ್ಕೆ ಸಂಬಂಧಿಸಿದ್ದು. ನಾಸಿಕದ ಭದ್ರತಾ ಮುದ್ರಣಾಲಯದಲ್ಲಿ ಫೋಟೊಗ್ರವ್ಯೂರ್ ವಿಧಾನದಿಂದ ಮೊದಲು ಅಚ್ಚಾದ ಚೀಟಿಗಳಿವು. ಛಾಯಾಚಿತ್ರದ ಬೆಳಕು ನೆರಳುಗಳ ಸೂಕ್ಷ್ಮ ಏರಿಳಿತವನ್ನು ಕಾಗದಕ್ಕೆ ಇಳಿಸಬಲ್ಲ ವಿಧಾನವದು. ಠಾಕೂರರಿಗೆ ಅಸಂಖ್ಯ ಛಾಯಾಚಿತ್ರಗಳಿದ್ದುವು. ಗಾಲಿಬನ ಬದುಕಿನ ಕೊನೆಯ ವರ್ಷಗಳ ವೇಳೆಗೆ ಛಾಯಾಗ್ರಹಣ ದೆಹಲಿಗೆ ಬಂದಿತ್ತು. ಅವನದೆಂದು ಹೇಳುವ ಛಾಯಾಚಿತ್ರವೂ ಉಳಿದಿದೆ. ಆದರೆ ಕಬೀರ, ತುಲಸಿ, ಮೀರಾ, ಸೂರ ಈ ನಾಲ್ವರನ್ನು ಎದುರಿಗೆ ಕೂರಿಸಿಕೊಂಡು ಬರೆದ ಚಿತ್ರವೊಂದೂ ನಮಗೆ ಲಭ್ಯವಿಲ್ಲ. ಹೀಗಿದ್ದೂ ಆರು ಮುಖಗಳು ಒಂದೇ ಅಳತೆಯಲ್ಲಿ, ಒಂದೇ ಬಗೆಯ ಬೆಳಕು ನೆರಳಿನಲ್ಲಿ, ಒಂದೇ ಸಾಲಿನಲ್ಲಿ ನಿಂತಿವೆ. ಯಾವುದು ದಾಖಲೆ, ಯಾವುದು ಕಲ್ಪನೆ ಎಂಬುದನ್ನು ನೋಡುಗನ ಕಣ್ಣು ಬೇರ್ಪಡಿಸಲಾರದು. ಸಂಪಾದನಶಾಸ್ತ್ರದ ಭಾಷೆಯಲ್ಲಿ ಹೇಳುವುದಾದರೆ, ಮೂಲಪ್ರತಿಯಿರುವ ಪಾಠವನ್ನೂ ಸಂಪಾದಕನು ಊಹಿಸಿ ತುಂಬಿದ ಪಾಠವನ್ನೂ ಕಂಸವಿಲ್ಲದೆ ಒಂದೇ ಅಕ್ಷರದಲ್ಲಿ ಅಚ್ಚು ಹಾಕಿದಂತೆ.

ಎರಡನೆಯದು ಮಾಲೆಯ ಹೆಸರು. ‘ಸಂತರು ಮತ್ತು ಕವಿಗಳು’ ಎಂಬ ಜೋಡಣೆಯಲ್ಲಿ ಯಾರು ಸಂತ, ಯಾರು ಕವಿ ಎಂಬ ಪ್ರಶ್ನೆಗೆ ಉತ್ತರವಿಲ್ಲ. ಗಾಲಿಬ್ ಸಂತನಲ್ಲವೆಂಬುದನ್ನು ಅವನೇ ಎಲ್ಲರಿಗಿಂತ ಮೊದಲು ಒಪ್ಪುತ್ತಿದ್ದ. ಉತ್ತರ ಭಾರತದ ಭಕ್ತಿಪರಂಪರೆಯಿಂದ ಬಂದ ‘ಸಂತ’ ಎಂಬ ಮಾತು ಮುಂದೆ ಅಖಿಲ ಭಾರತೀಯ ವರ್ಗನಾಮವಾಗಿ ಬೆಳೆಯಿತು. ಕನ್ನಡದಲ್ಲಿ ಶರಣ ಬೇರೆ, ದಾಸ ಬೇರೆ, ತತ್ತ್ವಪದಕಾರ ಬೇರೆ. ಇವರ ನಡುವೆ ತಾತ್ತ್ವಿಕ ಅಂತರವಷ್ಟೇ ಅಲ್ಲ, ಸಾಹಿತ್ಯಪ್ರಕಾರದ ಅಂತರವೂ ಇದೆ. ವಚನಕ್ಕೆ ರಾಗ ತಾಳಗಳ ಕಟ್ಟಿಲ್ಲ. ಕೀರ್ತನೆ ಪಲ್ಲವಿ, ಚರಣಗಳಲ್ಲಿ ನಿಂತ ಗೇಯಪ್ರಬಂಧ. ಎಲ್ಲರನ್ನೂ ‘ಸಂತ’ ಎಂಬ ಒಂದೇ ಚೀಲಕ್ಕೆ ತುಂಬಿದರೆ ಹೊರನಾಡಿನ ಸಂಶೋಧಕನಿಗೆ ಅನುಕೂಲವೇನೋ ಆಗುತ್ತದೆ. ಆದರೆ ತೌಲನಿಕ ಅಧ್ಯಯನಕ್ಕೆ ಬೇಕಾದ ಭೇದವೇ ಅಳಿಸಿಹೋಗುತ್ತದೆ.

ಮೂರನೆಯದು ಮಾಲೆಯ ಭೂಗೋಳ. ಆರು ಜನರಲ್ಲಿ ದಕ್ಷಿಣದ ಕವಿ ಒಬ್ಬನೂ ಇಲ್ಲ. ಈ ಕೊರತೆಯನ್ನು ತುಂಬುವ ಕೆಲಸ ೧೯೬೦ರ ದಶಕದಲ್ಲಿ ನಡೆಯಿತು. ೧೯೬೦ರಲ್ಲಿ ತಿರುವಳ್ಳುವರ್ ಮತ್ತು ಸುಬ್ರಹ್ಮಣ್ಯ ಭಾರತಿ, ೧೯೬೧ರಲ್ಲಿ ತ್ಯಾಗರಾಜರು, ೧೯೬೪ರಲ್ಲಿ ಪುರಂದರದಾಸರು, ೧೯೬೬ರಲ್ಲಿ ಕಂಬನ್, ೧೯೬೭ರಲ್ಲಿ ಬಸವೇಶ್ವರರು, ೧೯೭೨ರಲ್ಲಿ ವೇಮನ ಅಂಚೆಚೀಟಿಗಳಲ್ಲಿ ಕಾಣಿಸಿಕೊಂಡರು. ಭಾಷಾವಾರು ಪ್ರಾಂತಗಳ ರಚನೆಯಾದ ೧೯೫೬ರ ನಂತರದ ಈ ಸಾಲನ್ನು ನೋಡಿದರೆ, ಪ್ರತಿಯೊಂದು ಭಾಷೆಯೂ ರಾಷ್ಟ್ರದ ಸ್ಮೃತಿಯಲ್ಲಿ ತನ್ನ ಪ್ರತಿನಿಧಿಯನ್ನು ಕೇಳಿ ಪಡೆದಂತೆ ತೋರುತ್ತದೆ.

೩

ಮುಖವೇ ಇಲ್ಲದ ಕವಿಯನ್ನು ಸ್ಮರಿಸಲು ಬೇರೆ ದಾರಿಗಳಿರಲಿಲ್ಲವೆ? ಇದ್ದುವು, ಅಂಚೆ ಇಲಾಖೆಯೇ ಅವುಗಳನ್ನು ತುಳಿದು ತೋರಿಸಿತ್ತು.

೧೯೬೦ರ ಜೂನ್ ೨೨ರಂದು ಕಾಳಿದಾಸನ ಸ್ಮರಣೆಗಾಗಿ ಎರಡು ಚೀಟಿಗಳು ಪ್ರಕಟವಾದುವು. ಎರಡರಲ್ಲೂ ಕಾಳಿದಾಸನಿಲ್ಲ. ಹದಿನೈದು ನಯಾ ಪೈಸೆಯ ಚೀಟಿಯಲ್ಲಿ ಮೇಘಕ್ಕೆ ಮೊರೆಯಿಡುವ ಯಕ್ಷನಿದ್ದಾನೆ. ಒಂದು ರೂಪಾಯಿ ಮೂರು ನಯಾ ಪೈಸೆಯ ಚೀಟಿಯಲ್ಲಿ ದುಷ್ಯಂತನಿಗೆ ಓಲೆ ಬರೆಯುತ್ತಿರುವ ಶಕುಂತಲೆಯಿದ್ದಾಳೆ. ಒಂದು ಸಂದೇಶಕಾವ್ಯ, ಒಂದು ಪತ್ರಲೇಖನದ ದೃಶ್ಯ. ಕಾಗದವನ್ನು ಒಯ್ಯುವ ಚೀಟಿಯ ಮೇಲೆ ಇವೆರಡಕ್ಕಿಂತ ಉಚಿತವಾದ ಸನ್ನಿವೇಶಗಳು ಸಂಸ್ಕೃತ ಸಾಹಿತ್ಯದಲ್ಲಿ ಸಿಗುವುದು ಕಷ್ಟ. ಬಿಡುಗಡೆಯ ದಿನವೂ ಅರ್ಥಪೂರ್ಣವಾದುದು. ೧೯೫೭ರಲ್ಲಿ ಜಾರಿಗೆ ಬಂದ ರಾಷ್ಟ್ರೀಯ ಪಂಚಾಂಗದ ಪ್ರಕಾರ ಜೂನ್ ೨೨ ಆಷಾಢದ ಮೊದಲ ದಿನ. ಯಕ್ಷನು ಬೆಟ್ಟದ ತಪ್ಪಲಿಗೆ ಒರಗಿದ ಮೇಘವನ್ನು ಕಂಡದ್ದೂ ಆಷಾಢದ ಮೊದಲ ದಿನವೇ ಎಂಬುದು ಪ್ರಸಿದ್ಧ ಪಾಠ. ಇಲ್ಲಿ ಕವಿಯ ಮುಖದ ಜಾಗದಲ್ಲಿ ಕೃತಿ ನಿಂತಿದೆ. ಯಾರೂ ಕಾಣದ ಮುಖವನ್ನು ಕಲ್ಪಿಸುವ ಬದಲು ಎಲ್ಲರೂ ಓದಬಹುದಾದ ಕಾವ್ಯವನ್ನು ಚಿತ್ರಿಸಲಾಗಿದೆ.

ಇನ್ನೊಂದು ದಾರಿ ಸ್ಥಳದ್ದು. ೧೯೬೭ರ ಜನವರಿಯಲ್ಲಿ ಗುರು ಗೋವಿಂದಸಿಂಹರ ಮುನ್ನೂರನೆಯ ಜಯಂತಿಗೆ ಹೊರಬಂದ ಚೀಟಿಯಲ್ಲಿ ಪಟ್ನಾದ ಗುರುದ್ವಾರವಿದೆ. ೧೯೬೯ರ ನವೆಂಬರ್ ೨೩ರಂದು ಗುರು ನಾನಕರ ಐನೂರನೆಯ ಜಯಂತಿಗೆ ಹೊರಬಂದ ಚೀಟಿಯಲ್ಲಿ ಅವರ ಜನ್ಮಸ್ಥಳವಾದ ನನ್‌ಕಾನಾ ಸಾಹಿಬ್ ಇದೆ. ನನ್‌ಕಾನಾ ಸಾಹಿಬ್ ಇರುವುದು ಪಾಕಿಸ್ತಾನದಲ್ಲಿ. ಎರಡು ಯುದ್ಧಗಳ ನಡುವಣ ವರ್ಷಗಳಲ್ಲಿ ಗಡಿಯಾಚೆಯ ಕಟ್ಟಡವೊಂದು ಭಾರತದ ಅಂಚೆಚೀಟಿಯ ಮೇಲೆ ಬಂದಿತೆಂಬುದು ಸಾಮಾನ್ಯ ಸಂಗತಿಯಲ್ಲ. ಮುಖಚಿತ್ರವೊಂದು ಇಷ್ಟು ಮಾತನ್ನು ಆಡಲಾರದು. ನಾನಕರನ್ನು ಸ್ಮರಿಸಬೇಕಾದರೆ ನಕ್ಷೆಯ ಗೆರೆಯನ್ನು ದಾಟಲೇಬೇಕು ಎಂಬ ಸತ್ಯವನ್ನು ಆ ಚೀಟಿ ಸದ್ದಿಲ್ಲದೆ ಒಪ್ಪಿಕೊಂಡಿತು.

ಹೀಗೆ ಕೃತಿ, ಸ್ಥಳ, ಮುಖ ಎಂಬ ಮೂರು ಮಾದರಿಗಳು ೧೯೬೦ರ ದಶಕದಲ್ಲಿ ಏಕಕಾಲಕ್ಕೆ ಬಳಕೆಯಲ್ಲಿದ್ದುವು. ಕನ್ನಡದ ಇಬ್ಬರು ಮಹನೀಯರಿಗೂ ದೊರೆತದ್ದು ಮೂರನೆಯ ಮಾದರಿ.

೪

ಪುರಂದರದಾಸರ ಅಂಚೆಚೀಟಿ ೧೯೬೪ರ ಜನವರಿ ೧೪ರಂದು ಬಿಡುಗಡೆಯಾಯಿತು. ಕ್ಯಾಲೆಂಡರನ್ನು ನೋಡುವವರಿಗೆ ಇದು ಮಕರ ಸಂಕ್ರಾಂತಿ. ಪಂಚಾಂಗವನ್ನು ನೋಡುವವರಿಗೆ ಆ ವರ್ಷ ಅದೇ ದಿನ ಪುಷ್ಯ ಬಹುಳ ಅಮಾವಾಸ್ಯೆಯೂ ಹೌದು, ಅಂದರೆ ದಾಸರ ಪುಣ್ಯದಿನ. ೧೫೬೪ರಲ್ಲಿ ದಾಸರು ತೀರಿಕೊಂಡರೆಂಬ ಸಾಂಪ್ರದಾಯಿಕ ಗಣನೆಯಂತೆ ಅದು ನಾನೂರನೆಯ ಪುಣ್ಯತಿಥಿ. ವಿಜಯನಗರವನ್ನು ಕೆಡವಿದ ತಾಳಿಕೋಟೆಯ ಯುದ್ಧ ೧೫೬೫ರ ಜನವರಿಯದೆಂಬುದನ್ನು ನೆನೆದರೆ, ದಾಸರು ಕಣ್ಣುಮುಚ್ಚಿದ್ದು ಒಂದು ಸಾಮ್ರಾಜ್ಯದ ಕೊನೆಯ ನೆಮ್ಮದಿಯ ವರ್ಷದಲ್ಲಿ. ಪ್ರಭುತ್ವದ ದಿನಗಣನೆಯೂ ಸಂಪ್ರದಾಯದ ತಿಥಿಗಣನೆಯೂ ಒಂದಾದ ಇಂಥ ನಿದರ್ಶನಗಳು ಬೇರೆಯೂ ಇವೆ. ಸಂತ ರವಿದಾಸರ ಚೀಟಿ ೧೯೭೧ರ ಫೆಬ್ರವರಿ ೧೦ರಂದು, ಮಾಘ ಪೂರ್ಣಿಮೆಯ ದಿನ, ಪ್ರಕಟವಾಯಿತು. ರಾಷ್ಟ್ರದ ಕಚೇರಿಯು ಭಕ್ತರ ಪಂಚಾಂಗಕ್ಕೆ ತಲೆಬಾಗಿದ ಈ ಸಂದರ್ಭಗಳು ಗೌರವಾರ್ಹವಾದವು.

ಆದರೆ ಚಿತ್ರದ ಮಾತೇ ಬೇರೆ. ತಂತಿವಾದ್ಯ ಹಿಡಿದ ದಾಸರ ರೂಪ ನಮ್ಮ ಮನೆಗಳ ಗೋಡೆಗಳಿಂದ, ಸಂಗೀತ ಶಾಲೆಗಳಿಂದ, ಹರಿಕಥೆಯ ವೇದಿಕೆಗಳಿಂದ ಬಂದದ್ದು. ಜೀವಿತಕಾಲದ ಚಿತ್ರವಿಲ್ಲ. ಹಂಪೆಯಲ್ಲಿ ತುಂಗಭದ್ರೆಯ ದಡದ ಮೇಲೆ ಪುರಂದರ ಮಂಟಪವಿದೆ. ಪುಣೆಯ ಬಳಿ ಪುರಂದರಗಡವಿದೆ. ತೀರ್ಥಹಳ್ಳಿಯ ಸೀಮೆಯಲ್ಲಿ ಆರಗ ಕ್ಷೇಮಪುರಗಳಿವೆ. ದಾಸರ ಹುಟ್ಟೂರು ಪುರಂದರಗಡವೆಂಬ ಹಳೆಯ ನಂಬಿಕೆಯನ್ನು ಪ್ರಶ್ನಿಸಿ ಕ್ಷೇಮಪುರದ ಪಕ್ಷವನ್ನು ಮಂಡಿಸುವ ಚರ್ಚೆ ಇತ್ತೀಚಿನ ವರ್ಷಗಳಲ್ಲಿ ಬಲಗೊಂಡಿದೆ. ಪುಣೆಯ ಕನ್ನಡಿಗರಿಗೆ ಈ ವಾದ ಕೇವಲ ವಿದ್ವತ್ತಿನ ವಿಷಯವಲ್ಲ. ತಾವಿರುವ ನೆಲಕ್ಕೂ ತಮ್ಮ ಭಾಷೆಯ ಕವಿಗೂ ಇರುವ ನಂಟಿನ ಪ್ರಶ್ನೆ. ಮುಖಚಿತ್ರವು ಈ ಎಲ್ಲ ಸ್ಥಳಗಳನ್ನೂ ವಾದಗಳನ್ನೂ ಹಿನ್ನೆಲೆಗೆ ಸರಿಸಿ, ನೆಲವಿಲ್ಲದ ಒಬ್ಬ ಗಾಯಕನನ್ನು ಮುಂದೆ ನಿಲ್ಲಿಸುತ್ತದೆ.

ಮುಖಬೆಲೆಯ ಬಗೆಗೂ ಒಂದು ಮಾತು. ಸಂಪ್ರದಾಯದ ಕಥನದಲ್ಲಿ ಪುರಂದರದಾಸರು ಮೊದಲು ಶ್ರೀನಿವಾಸ ನಾಯಕರು, ನವಕೋಟಿ ನಾರಾಯಣರು. ಹೆಂಡತಿ ದಾನಕೊಟ್ಟ ಮೂಗುತಿಯ ಪ್ರಸಂಗದಿಂದ ಕಣ್ತೆರೆದು, ಸಕಲ ಸಂಪತ್ತನ್ನೂ ತೊರೆದು, ವ್ಯಾಸರಾಯರಿಂದ ಅಂಕಿತ ಪಡೆದವರು. ಹೊನ್ನಿನ ಲೆಕ್ಕವನ್ನು ಬಿಟ್ಟು ಬಂದವರ ಪಕ್ಕದಲ್ಲಿ ಹದಿನೈದು ನಯಾ ಪೈಸೆ ಎಂಬ ಲೆಕ್ಕ ಬಂದು ಕೂತಿರುವುದನ್ನು ದಾಸರು ಕಂಡಿದ್ದರೆ ನಕ್ಕು ಒಂದು ಪದ ಕಟ್ಟುತ್ತಿದ್ದರೇನೋ. ಹಾಗೆಂದು ಅದು ಸಣ್ಣ ಮಾತಲ್ಲ: ಹದಿನೈದು ನಯಾ ಪೈಸೆ ಅಂದಿನ ಸಾಮಾನ್ಯ ಲಕೋಟೆಯ ದರ. ದಾಸರು ಶ್ರೀಮಂತರ ಆಲ್ಬಮ್ಮಿಗಲ್ಲ, ಸಾಮಾನ್ಯರ ಕಾಗದಗಳಿಗೆ ಅಂಟಿಕೊಂಡು ಊರೂರು ತಿರುಗಿದರು. ಗೋಪಾಳಬುಟ್ಟಿ ಹಿಡಿದು ಬೀದಿ ತಿರುಗಿದವರಿಗೆ ಇದಕ್ಕಿಂತ ಒಪ್ಪುವ ಸಂಚಾರ ಬೇರೆ ಇರಲಾರದು.

ಬಸವೇಶ್ವರರ ಚೀಟಿ ೧೯೬೭ರ ಮೇ ೧೧ರಂದು, ಹದಿನೈದು ಪೈಸೆಯ ಬೆಲೆಯಲ್ಲಿ ಪ್ರಕಟವಾಯಿತು. ಅಂದಿನ ಮೈಸೂರು ರಾಜ್ಯವು ಎಂಟನೆಯ ಶತಮಾನೋತ್ಸವವನ್ನು ಆಚರಿಸಿ ಬೃಹತ್ ಸ್ಮರಣಸಂಪುಟವೊಂದನ್ನು ಹೊರತಂದ ವರ್ಷವದು. ಶತಮಾನೋತ್ಸವ ಐಕ್ಯದ್ದು, ಚೀಟಿ ಬಂದದ್ದು ವೈಶಾಖದ ಆರಂಭದಲ್ಲಿ, ಬಸವ ಜಯಂತಿಯ ಹೊಸ್ತಿಲಲ್ಲಿ. ಬಸವಣ್ಣನವರ ಜನನದ ವರ್ಷವನ್ನು ಕುರಿತು ೧೧೦೫, ೧೧೩೧, ೧೧೩೪ ಎಂಬ ಭಿನ್ನ ಪಕ್ಷಗಳಿವೆ. ಐಕ್ಯದ ವರ್ಷ ೧೧೬೭ ಎಂಬುದು ಹೆಚ್ಚು ಪ್ರಚಾರದಲ್ಲಿದ್ದರೂ ೧೧೬೮ ಎನ್ನುವವರಿದ್ದಾರೆ. ಶತಮಾನೋತ್ಸವಕ್ಕೆ ಒಂದು ಅಂಕಿ ಬೇಕು. ಅಂಚೆಚೀಟಿ ಆ ಅಂಕಿಗೆ ಸರ್ಕಾರದ ಮುದ್ರೆ ಒತ್ತುತ್ತದೆ. ಮುಂದೆ ಆ ಅಂಕಿಯೇ ಪಠ್ಯಪುಸ್ತಕವನ್ನೂ ನನ್ನಂಥವರ ಕರಡನ್ನೂ ಸೇರುತ್ತದೆ.

ಬಸವಣ್ಣನವರ ಬಗ್ಗೆ ನಮಗಿರುವ ಹಳೆಯ ಆಧಾರಗಳು ಎಲ್ಲವೂ ಅಕ್ಷರರೂಪದವು: ಅವರ ಸಮಕಾಲೀನರ ವಚನಗಳು, ಹರಿಹರನ ರಗಳೆ, ಪಾಲ್ಕುರಿಕೆ ಸೋಮನಾಥನ ತೆಲುಗು ಬಸವಪುರಾಣ, ಅದನ್ನು ಅನುಸರಿಸಿ ೧೩೬೯ರಲ್ಲಿ ಭೀಮಕವಿ ಬರೆದ ಕನ್ನಡ ಬಸವಪುರಾಣ, ಬೆಳಗಾವಿ ಜಿಲ್ಲೆಯ ಅರ್ಜುನವಾಡದ ೧೨೬೦ರ ಶಾಸನ. ಇವುಗಳಲ್ಲಿ ಬಸವಣ್ಣನವರಿಗೆ ಹಲವು ವ್ಯಕ್ತಿತ್ವಗಳಿವೆ. ಹರಿಹರನಲ್ಲಿ ಅವರು ಭಾವುಕ ಭಕ್ತ. ಪುರಾಣಗಳಲ್ಲಿ ಪವಾಡಪುರುಷ ಮತ್ತು ನಂದಿಯ ಅವತಾರ. ಶಾಸನದಲ್ಲಿ ಒಂದು ವಂಶದ ಕೀರ್ತಿಶಾಲಿ. ತಮ್ಮ ವಚನಗಳಲ್ಲಿ ತಮ್ಮನ್ನೇ ಸದಾ ವಿಚಾರಣೆಗೆ ಗುರಿಪಡಿಸುವ, ಕುಗ್ಗುವ, ಮತ್ತೆ ಎದ್ದು ನಿಲ್ಲುವ ಮನುಷ್ಯ. ಈ ಬಹುಮುಖತೆಯೇ ಸಂಶೋಧಕನ ಬಂಡವಾಳ. ಅಂಚೆಚೀಟಿಗೆ ಇರುವುದು ಒಂದೇ ಮುಖ.

ಇಲ್ಲೊಂದು ಗಹನವಾದ ವಿರೋಧಾಭಾಸವೂ ಇದೆ. ಸ್ಥಾವರ ಮತ್ತು ಜಂಗಮಗಳ ಭೇದವನ್ನು ಚಿಂತನೆಯ ಕೇಂದ್ರಕ್ಕೆ ತಂದು, ನಿಂತದ್ದಕ್ಕಿಂತ ನಡೆಯುವುದು ಹಿರಿದೆಂದವರು ಬಸವಣ್ಣನವರು. ಅವರ ಮುಖವನ್ನು ಒಂದೇ ಭಂಗಿಯಲ್ಲಿ ನಿಲ್ಲಿಸುವುದು ಅವರನ್ನು ಸ್ಥಾವರಗೊಳಿಸಿದಂತೆ. ಆದರೆ ಅಂಚೆಚೀಟಿಯ ಸ್ವಭಾವ ಜಂಗಮದ್ದು. ನಡೆಯುವುದಕ್ಕಾಗಿಯೇ ಅದು ಹುಟ್ಟಿದ್ದು. ೧೯೬೭ರಲ್ಲಿ ಮುಂಬಯಿಯ ಗಿರಣಿಯಲ್ಲಿ ದುಡಿಯುತ್ತಿದ್ದ ಕನ್ನಡಿಗನಿಗೆ ವಿಜಾಪುರದ ಹಳ್ಳಿಯಿಂದ ಬಂದ ಕಾಗದದ ಮೇಲೆ ಆ ಚೀಟಿ ಇದ್ದಿದ್ದರೆ, ಅದರ ಅರ್ಥವನ್ನು ಕೇವಲ ಚಿತ್ರದಿಂದ ಅಳೆಯಲಾಗದು. ಆ ಕಾಗದದೊಂದಿಗೆ ಬಸವಣ್ಣನವರೂ ಊರಿನಿಂದ ಬಂದಿರುತ್ತಿದ್ದರು.

೫

ಭಾರತದ ಅಂಚೆಚೀಟಿಗಳಲ್ಲಿ ನಿಯತವಾಗಿ ಬಳಕೆಯಾಗುವ ಲಿಪಿಗಳು ದೇವನಾಗರಿ ಮತ್ತು ರೋಮನ್. ಕವಿಯ ಭಾಷೆಯ ಲಿಪಿಗೆ ಅಲ್ಲಿ ನಿಯತವಾದ ಸ್ಥಾನವಿಲ್ಲ. ಆಡಳಿತದ ದೃಷ್ಟಿಯಿಂದ ಈ ನಿಯಮಕ್ಕೆ ಕಾರಣಗಳಿವೆ. ಸಾಹಿತ್ಯದ ದೃಷ್ಟಿಯಿಂದ ಇದು ದೊಡ್ಡ ನಷ್ಟ. ಚಿತ್ರಕಾರನಿಗೆ ಕವಿಯ ಮುಖದ ಬಗ್ಗೆ ಆಧಾರವಿರಲಿಲ್ಲ. ಕವಿಯ ಅಕ್ಷರದ ಬಗ್ಗೆ ಇತ್ತು. ಹನ್ನೆರಡನೆಯ ಶತಮಾನದ ಕಲಚುರಿ ಶಾಸನಗಳ ದುಂಡು ಲಿಪಿ ಹೇಗಿತ್ತೆಂಬುದು ನಮಗೆ ಗೊತ್ತು. ವಚನಗಳ ತಾಳೆಗರಿಗಳು ನಮ್ಮ ಭಂಡಾರಗಳಲ್ಲಿವೆ. ‘ಕೂಡಲಸಂಗಮದೇವ’ ಎಂಬ ಅಂಕಿತವೊಂದೇ ತಾಳೆಗರಿಯ ಅಕ್ಷರದಲ್ಲಿ ಅಚ್ಚಾಗಿದ್ದರೆ, ಅದು ಐತಿಹಾಸಿಕವಾಗಿ ಹೆಚ್ಚು ಸತ್ಯವಾಗಿಯೂ ತಾತ್ತ್ವಿಕವಾಗಿ ಹೆಚ್ಚು ಉಚಿತವಾಗಿಯೂ ಇರುತ್ತಿತ್ತು. ಕೃಷ್ಣೆ ಮಲಪ್ರಭೆಯರು ಕೂಡುವ ಸಂಗಮವನ್ನೂ ಚಿತ್ರಿಸಬಹುದಿತ್ತು. ನಾರಾಯಣಪುರ ಜಲಾಶಯದ ಹಿನ್ನೀರಿನಿಂದ ಕಾಪಾಡಲು ಅಲ್ಲಿಯ ಐಕ್ಯಸ್ಥಳದ ಸುತ್ತ ಈಗ ಬಾವಿಯಂತೆ ಗೋಡೆ ಎದ್ದಿದೆ. ನೀರಿನ ಮಟ್ಟಕ್ಕಿಂತ ಕೆಳಕ್ಕೆ ಮೆಟ್ಟಿಲಿಳಿದು ಹೋಗಬೇಕು. ಚೀಟಿ ಬಂದ ಕಾಲಕ್ಕೆ ಆ ಜಲಾಶಯವಿನ್ನೂ ತುಂಬಿರಲಿಲ್ಲ. ೧೯೬೭ರ ಸಂಗಮದ ಚಿತ್ರವೊಂದು ಅಂಚೆಚೀಟಿಯಾಗಿ ಉಳಿದಿದ್ದರೆ ಇಂದು ಅದು ಸ್ಮಾರಕವಷ್ಟೇ ಅಲ್ಲ, ದಾಖಲೆಯೂ ಆಗಿರುತ್ತಿತ್ತು.

ಮುಖಚಿತ್ರದ ಪರವಾಗಿರುವ ವಾದವನ್ನು ಇಲ್ಲಿ ಅಲಕ್ಷಿಸಲಾಗದು. ಭಕ್ತಿಪರಂಪರೆಯು ರೂಪವನ್ನು ನಿರಾಕರಿಸಿದಷ್ಟೇ ತೀವ್ರವಾಗಿ ರೂಪವನ್ನು ಹಂಬಲಿಸಿದೆ. ಇದಕ್ಕೆ ಅತ್ಯುತ್ತಮ ನಿದರ್ಶನ ರಾಮಾನುಜಾಚಾರ್ಯರದು. ಅವರ ಸಹಸ್ರಮಾನೋತ್ಸವದ ಅಂಚೆಚೀಟಿ ೨೦೧೭ರ ಮೇ ೧ರಂದು ಬಿಡುಗಡೆಯಾಯಿತು. ಶ್ರೀವೈಷ್ಣವ ಸಂಪ್ರದಾಯದಲ್ಲಿ ಆಚಾರ್ಯರ ಮೂರ್ತಿಗಳನ್ನು ಕುರಿತು ಖಚಿತವಾದ ಸ್ಮೃತಿಯಿದೆ. ಶ್ರೀಪೆರುಂಬೂದೂರಿನದು ಆಚಾರ್ಯರು ತಾವೇ ಮೆಚ್ಚಿದ ಮೂರ್ತಿ. ಮೇಲುಕೋಟೆಯದು, ಅವರು ಅಲ್ಲಿಂದ ಹೊರಡುವಾಗ ಅಗಲಿಕೆಯನ್ನು ಸಹಿಸದ ಶಿಷ್ಯರು ಮಾಡಿಸಿಕೊಂಡ ಮೂರ್ತಿ. ಶ್ರೀರಂಗದ್ದು ಅವರ ದೇಹವೇ ಎಂಬ ನಂಬಿಕೆಯುಳ್ಳದ್ದು. ಇವು ಇತಿಹಾಸವೆ, ಐತಿಹ್ಯವೆ ಎಂಬ ಚರ್ಚೆ ಬೇರೆ. ಇಲ್ಲಿ ಮುಖ್ಯವಾದುದು, ರೂಪವು ಹೇಗೆ ಬಂದಿತೆಂಬುದನ್ನು ಸಂಪ್ರದಾಯವೇ ಹೇಳಿಕೊಂಡಿದೆ ಎಂಬುದು. ಮೇಲುಕೋಟೆಯ ಮೂರ್ತಿಯ ಹಿಂದೆ ಒಂದು ಅಗಲಿಕೆಯ ಕಥೆಯಿದೆ. ಕ್ಯಾಲೆಂಡರಿನ ಚಿತ್ರದಿಂದ ಅಂಚೆಚೀಟಿಗೆ ಬಂದ ಮುಖಕ್ಕೆ ಅಂಥ ಕಥೆಯಿಲ್ಲ. ಇದ್ದರೂ ಯಾರೂ ಅದನ್ನು ಬರೆದಿಟ್ಟಿಲ್ಲ. ಆದ್ದರಿಂದ ನನ್ನ ಆಕ್ಷೇಪ ಮುಖವನ್ನು ಚಿತ್ರಿಸಿದ್ದಕ್ಕಲ್ಲ. ಚಿತ್ರಿಸಿದ ಮುಖದ ಹಿಂದಿನ ಕಲ್ಪನೆಯನ್ನು ಕಲ್ಪನೆಯೆಂದು ಹೇಳದಿರುವುದಕ್ಕೆ.

ಪ್ರತಿಯೊಂದು ಸ್ಮಾರಕ ಚೀಟಿಯ ಜೊತೆಗೆ ಅಂಚೆ ಇಲಾಖೆ ಒಂದು ಮಾಹಿತಿಪತ್ರವನ್ನೂ ಪ್ರಕಟಿಸುತ್ತದೆ. ಈ ಮಾಹಿತಿಪತ್ರವನ್ನು ಒಂದು ಸಾಹಿತ್ಯಪ್ರಕಾರವೆಂದೇ ಅಧ್ಯಯನ ಮಾಡಬಹುದು. ಜನನ, ಪ್ರತಿಭೆ, ತಿರುವು, ಸಾಧನೆ, ನಿಧನ, ರಾಷ್ಟ್ರದ ನಮನ ಎಂಬ ಅದರ ಕ್ರಮ ನಮ್ಮ ಪುರಾಣಕಾವ್ಯಗಳ ಚರಿತೆಯ ಕ್ರಮಕ್ಕೆ ತೀರ ದೂರವಲ್ಲ. ಪವಾಡಗಳನ್ನು ಕೈಬಿಟ್ಟು ಅವುಗಳ ಜಾಗದಲ್ಲಿ ಸಮಾಜಸುಧಾರಣೆ, ಸಮಾನತೆ, ಐಕ್ಯತೆಗಳನ್ನು ಇರಿಸುವುದು ಇದರ ವೈಶಿಷ್ಟ್ಯ. ಭೀಮಕವಿ ಹದಿನಾಲ್ಕನೆಯ ಶತಮಾನಕ್ಕೆ ಬೇಕಾದ ಬಸವಣ್ಣನನ್ನು ಕಟ್ಟಿಕೊಂಡಂತೆ, ಗಣರಾಜ್ಯವು ಇಪ್ಪತ್ತನೆಯ ಶತಮಾನಕ್ಕೆ ಬೇಕಾದ ಬಸವಣ್ಣನನ್ನು ಕಟ್ಟಿಕೊಂಡಿತು. ಇದರಲ್ಲಿ ತಪ್ಪಿಲ್ಲ. ಭೀಮಕವಿಯ ಕೃತಿಯನ್ನು ಪುರಾಣವೆಂದು ತಿಳಿದು ಓದುವ ನಾವು ಮಾಹಿತಿಪತ್ರವನ್ನು ಮಾತ್ರ ಮಾಹಿತಿಯೆಂದು ನಂಬಿ ಓದುತ್ತೇವೆ ಎಂಬುದಷ್ಟೇ ತೊಡಕು.

೬

ಇಂದು ಕಾಗದ ಬರೆಯುವವರು ವಿರಳ. ತಂತಿ ಸೇವೆ ೨೦೧೩ರಲ್ಲಿ ನಿಂತಿತು. ನೋಂದಾಯಿತ ಅಂಚೆ ೨೦೨೫ರಲ್ಲಿ ತ್ವರಿತ ಅಂಚೆಯಲ್ಲಿ ಲೀನವಾಯಿತು. ಹೊಸ ಸ್ಮಾರಕ ಚೀಟಿಗಳು ಬರುತ್ತಲೇ ಇವೆ. ಆದರೆ ಅವುಗಳಲ್ಲಿ ಬಹುಪಾಲು ಲಕೋಟೆಯನ್ನು ಕಾಣದೆ ನೇರವಾಗಿ ಸಂಗ್ರಾಹಕರ ಆಲ್ಬಮ್ಮುಗಳಿಗೋ ಸಮಾರಂಭದ ಚೌಕಟ್ಟುಗಳಿಗೋ ಹೋಗುತ್ತವೆ. ೨೦೧೧ರಲ್ಲಿ ಆರಂಭವಾದ ‘ಮೈ ಸ್ಟಾಂಪ್’ ಯೋಜನೆಯಡಿ ಹಣ ಕಟ್ಟಿದ ಯಾರ ಭಾವಚಿತ್ರವಾದರೂ ಚೀಟಿಯ ಜೊತೆ ಅಚ್ಚಾಗಬಹುದು. ಜಂಗಮವಾಗಿದ್ದುದು ಸ್ಥಾವರವಾಗುತ್ತಿದೆ. ಕಾಗದ ಒಯ್ಯುವ ಕೆಲಸ ಹೋದ ಮೇಲೆ ಚೀಟಿಗೆ ಉಳಿಯುವುದು ಸ್ಮರಣೆಯ ಕೆಲಸವೊಂದೇ. ಆದ್ದರಿಂದಲೇ ಏನನ್ನು ಸ್ಮರಿಸುತ್ತಿದ್ದೇವೆ, ಹೇಗೆ ಸ್ಮರಿಸುತ್ತಿದ್ದೇವೆ ಎಂಬ ಪ್ರಶ್ನೆ ಹಿಂದಿಗಿಂತ ಇಂದು ಮುಖ್ಯ. ೨೦೨೪ರ ಜನವರಿಯಲ್ಲಿ ಕರ್ನಾಟಕ ಸರ್ಕಾರವು ಬಸವಣ್ಣನವರನ್ನು ಸಾಂಸ್ಕೃತಿಕ ನಾಯಕರೆಂದು ಘೋಷಿಸಿ ಸರ್ಕಾರಿ ಕಚೇರಿಗಳಲ್ಲಿ ಭಾವಚಿತ್ರವಿರಿಸಲು ನಿರ್ಧರಿಸಿದ ಮೇಲಂತೂ, ಒಂದು ನಿರ್ದಿಷ್ಟ ಮುಖವು ಇನ್ನಷ್ಟು ಸ್ಥಿರಗೊಳ್ಳುವ ಹಂತದಲ್ಲಿ ನಾವಿದ್ದೇವೆ. ಗೌರವ ಸಲ್ಲಬೇಕಾದುದೇ. ಅದರ ಜೊತೆಗೆ ಅವರ ವಚನಗಳೂ ಅದೇ ಗೋಡೆಯ ಮೇಲೆ ಇರಲಿ ಎಂಬುದು ಸಾಹಿತ್ಯದ ಅಧ್ಯಾಪಕನ ಕೋರಿಕೆ.

ಹೊರನಾಡಿನ ಸಂಶೋಧಕರಿಗೆ ಈ ವಿಷಯ ಹೆಚ್ಚು ಹತ್ತಿರದ್ದು. ಕರ್ನಾಟಕದೊಳಗಿನ ವಿದ್ಯಾರ್ಥಿಗೆ ಮುಖಚಿತ್ರದ ಆಚೆಗೆ ಜಾತ್ರೆಯಿದೆ, ಮಠವಿದೆ, ಭಜನೆಯಿದೆ, ಹಸ್ತಪ್ರತಿ ಭಂಡಾರವಿದೆ. ದೆಹಲಿಯಲ್ಲೋ ಹೈದರಾಬಾದಿನಲ್ಲೋ ಕೂತು ಕೆಲಸ ಮಾಡುವವರಿಗೆ ಮೊದಲು ಸಿಗುವುದು ರಾಷ್ಟ್ರದ ಭಾಷೆಗೆ ಅನುವಾದಗೊಂಡ ಕವಿ. ಆ ಕವಿಗೆ ಒಂದು ಮುಖ, ಒಂದು ಜೋಡಿ ಇಸವಿ, ‘ಸಂತ’ ಎಂಬ ಒಂದು ಬಿರುದು ಸಿದ್ಧವಾಗಿರುತ್ತವೆ. ಅಲ್ಲಿಂದ ಅಂಕಿತದವರೆಗಿನ ದಾರಿಯನ್ನು ಸಂಶೋಧಕರೇ ನಡೆಯಬೇಕು. ಅಂಕಿತವೂ ಪ್ರಶ್ನಾತೀತವೇನಲ್ಲ, ‘ಪುರಂದರ ವಿಠಲ’ ಎಂಬ ಅಂಕಿತದಲ್ಲಿ ನಂತರದವರ ಪದಗಳು ಸೇರಿಕೊಂಡಿವೆ, ವಚನಗಳಲ್ಲಿ ಪ್ರಕ್ಷೇಪಗಳಿವೆ. ಆದರೆ ಅಂಕಿತವನ್ನು ಪರೀಕ್ಷಿಸಲು ನಮ್ಮಲ್ಲಿ ಭಾಷೆ, ಛಂದಸ್ಸು, ಹಸ್ತಪ್ರತಿ, ಹಾಡಿಕೆಯ ಪರಂಪರೆ ಎಂಬ ಸಾಧನಗಳಿವೆ. ಮುಖವನ್ನು ಪರೀಕ್ಷಿಸಲು ಏನೂ ಇಲ್ಲ.

ನನ್ನ ವಿದ್ಯಾರ್ಥಿನಿ ಆ ವಾಕ್ಯವೃಂದವನ್ನು ತೆಗೆದುಹಾಕಲಿಲ್ಲ. ಬದಲಿಗೆ ಅದನ್ನು ಬೆಳೆಸಿ, ಬಸವಣ್ಣನವರ ಮುಖವನ್ನು ಇಪ್ಪತ್ತನೆಯ ಶತಮಾನ ಹೇಗೆ ಕಲ್ಪಿಸಿಕೊಂಡಿತೆಂಬ ಪ್ರತ್ಯೇಕ ಅಧ್ಯಾಯವನ್ನಾಗಿ ಮಾಡಿದರು. ಅವರ ಪ್ರಬಂಧದಲ್ಲಿ ಅದೇ ಹೆಚ್ಚು ಗಟ್ಟಿಯಾದ ಅಧ್ಯಾಯವಾಯಿತು. ಅಜ್ಜನ ಆಲ್ಬಂ ಹೀಗೆ ತಪ್ಪು ಆಧಾರವಾಗಿ ಬಂದು ಸರಿಯಾದ ಆಕರವಾಗಿ ಉಳಿಯಿತು. ಆ ಚೀಟಿಯ ಅಂಚಿನಲ್ಲಿ ಒಂದು ಠಸ್ಸೆಯ ಅರ್ಧವೃತ್ತವಿತ್ತು. ಊರಿನ ಹೆಸರು ಮಸುಕಾಗಿತ್ತು, ಇಸವಿಯ ಕೊನೆಯ ಎರಡು ಅಂಕಿಗಳು ಮಾತ್ರ ಕಾಣುತ್ತಿದ್ದುವು. ಊರಿನಿಂದ ಬಂದ ಯಾವ ಕಾಗದಕ್ಕೆ ಅದು ಅಂಟಿತ್ತೋ, ಆ ಕಾಗದ ಅವರ ಮನೆಯಲ್ಲಿ ಉಳಿದಿರಲಿಲ್ಲ.